ಗ್ರಿಡ್ ರೆಫರೆನ್ಸ್ ಕಲಿಸೋಕೆ ಗೋಮಾಳದಲ್ಲಿ ಡಬ್ಬ ಇಟ್ಟೆ

ನಕ್ಷೆಯ ಮೇಲಿನ ಜಾಗವನ್ನು ಆರು ಅಂಕಿಯಲ್ಲಿ ಹೇಳುವ ಗ್ರಿಡ್ ರೆಫರೆನ್ಸ್ (ಆರಂಕಿ) ಕೇಳಿದರೆ ಈಗ ನಮ್ಮ ಪಿಯುಸಿ ಮಕ್ಕಳಲ್ಲಿ ಹತ್ತಕ್ಕೆ ಎಂಟು ಜನ ಸರಿಯಾಗಿ ಬರೆಯುತ್ತಾರೆ. ಮೊದಲು ಅರ್ಧಕ್ಕರ್ಧ ಮಂದಿ ಉತ್ತರಕ್ಕೆ ಎಣಿಸುವ ನಾರ್ದಿಂಗನ್ನು ಪೂರ್ವಕ್ಕೆ ಎಣಿಸುವ ಈಸ್ಟಿಂಗಿಗಿಂತ ಮುಂಚೆ ಬರೆದು ಪ್ರಾಕ್ಟಿಕಲ್ಲಿನಲ್ಲಿ ಮಾರ್ಕ್ಸ್ ಕಳೆದುಕೊಳ್ಳುತ್ತಿದ್ದರು. ಅದಕ್ಕೆ ಗೋಮಾಳದಲ್ಲಿ ಡಬ್ಬ ಬಚ್ಚಿಟ್ಟು, ಆರಂಕಿ ಕೊಟ್ಟು ಹುಡುಕಿಸುವ ಆಟ ಶುರು ಮಾಡಿದೆ. "ಡಬ್ಬ ಹುಡುಕಿದರೆ ಭೂಗೋಳ ಬರುತ್ತೇನ್ರೀ ಮೇಷ್ಟ್ರೇ?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಈ ವರ್ಷ ನನ್ನ ನಕ್ಷೆಯ ಝೆರಾಕ್ಸ್ ಕೇಳಿದರು. ಕೊಟ್ಟೆ.

ಶುರುವಿನಲ್ಲಿ 1:50,000 ಟೋಪೋಶೀಟನ್ನೇ (ಸರ್ವೆ ಆಫ್ ಇಂಡಿಯಾದ ನಕ್ಷೆ, ಅದರಲ್ಲಿ ಒಂದು ಕಿಲೋಮೀಟರ್ ಅಂದರೆ ಎರಡು ಸೆಂಟಿಮೀಟರ್) ಕೈಗೆ ಕೊಟ್ಟು ಕಳಿಸಿದ್ದೆ. ಆರಂಕಿ ಅಂದರೆ ನೂರು ಮೀಟರ್ ಚೌಕ, ಹತ್ತಿರ ಹತ್ತಿರ ಎರಡೂವರೆ ಎಕರೆ. ಅಷ್ಟು ಜಾಗದಲ್ಲಿ ಒಂದು ಪುಟ್ಟ ಡಬ್ಬ ಎಲ್ಲಿ ಅಂತ ಹುಡುಕೋದು? ಮಕ್ಕಳು ಲಂಟಾನ ಪೊದೆಗೆ ನುಗ್ಗಿ ಕೈಕಾಲು ಗೀರಿಸಿಕೊಂಡು ಬಂದರು, ಅಷ್ಟೇ. ಆಮೇಲೆ ಒಂದೇ ಕಿಲೋಮೀಟರ್ ಚೌಕವನ್ನು ಹಿಗ್ಗಿಸಿ ಕಲರ್ ಝೆರಾಕ್ಸ್ ಮಾಡಿಸಿದೆ. ಎರಡು ಸೆಂಟಿಮೀಟರ್ ಇಪ್ಪತ್ತಾಯಿತು, ಎತ್ತರ ತೋರಿಸುವ ಕಾಂಟೂರ್ ಗೆರೆಗಳೂ ಹುರಿಹಗ್ಗದಷ್ಟು ದಪ್ಪವಾದವು. ಲ್ಯಾಮಿನೇಷನ್ ಸೇರಿ ಏಳೆಂಟು ನೂರು ರೂಪಾಯಿ ದಂಡ.

ಕೊನೆಗೆ ನಾನೇ ಬರೆದೆ. ಕೆರೆ ಏರಿ, ಗೋಮಾಳ, ಕಾಲೇಜು ಇಷ್ಟೂ ಸೇರುವ ಒಂದು ಕಿಲೋಮೀಟರ್ ಚೌಕ, ನೂರು ಮೀಟರಿಗೆ ಎರಡು ಸೆಂಟಿಮೀಟರ್. ಗೆರೆಗಳಿಗೆ ಶೀಟಿನ ನಂಬರ್ ಬಿಟ್ಟು ನನ್ನದೇ ಕೊಟ್ಟೆ. ಎಡ ಅಂಚಿನ ಗೆರೆಗೂ 34, ಕೆಳ ಅಂಚಿನ ಗೆರೆಗೂ 34. ನನ್ನ ಇಡೀ ಆಟ ನಿಂತಿರುವುದೇ ಇದರ ಮೇಲೆ. ಡಬ್ಬ 343347ರಲ್ಲಿದ್ದರೆ (ಆ ಮೂಲೆಯಿಂದ ಪೂರ್ವಕ್ಕೆ ಮುನ್ನೂರು ಮೀಟರ್, ಉತ್ತರಕ್ಕೆ ಏಳುನೂರು), ತಿರುಗಾಮುರುಗಾ ಓದಿದವನು 347343ಕ್ಕೆ ಹೋಗುತ್ತಾನೆ. ಅದೂ ಅದೇ ಕಿಲೋಮೀಟರ್ ಚೌಕದಲ್ಲೇ ಬೀಳುತ್ತದೆ, ಐನೂರು ಮೀಟರಿಗಿಂತ ಜಾಸ್ತಿ ದೂರ. ಅಲ್ಲೂ ಒಂದು ಡಬ್ಬ ಇಟ್ಟಿರುತ್ತೇನೆ. ತೆಗೆದರೆ ಒಳಗೆ ಚೀಟಿ: "ಮೊದಲು ಅಡ್ಡ ನಡಿ, ಆಮೇಲೆ ಮೇಲೆ ಹತ್ತು." ಬಿಸಿಲಲ್ಲಿ ವಾಪಸ್ ನಡೆದವನು ಜನ್ಮದಲ್ಲಿ ಮರೆಯಲ್ಲ. ಬೋರ್ಡಿನ ಮೇಲೆ ವರ್ಷಗಟ್ಟಲೆ ಹೇಳಿದ್ದು ಒಂದು ಮಧ್ಯಾಹ್ನಕ್ಕೆ ತಲೆಗೆ ಹೋಯಿತು.

ನೂರು ಮೀಟರ್ ಚೌಕದೊಳಗೆ ಡಬ್ಬ ಸಿಗೋಕೆ ಒಂದು ಸುಳಿವು ಬೇಕೇ ಬೇಕು. "ಬೇವಿನ ಮರದ ಪಡುವಣಕ್ಕೆ ಹತ್ತು ಹೆಜ್ಜೆ" ಅನ್ನೋ ಥರ. ಸುಳಿವು ನೋಡಿದ ತಕ್ಷಣ ನಕ್ಷೆ ಮಡಚಿಟ್ಟು ಊರಿನ ಬೇವಿನ ಮರಗಳಿಗೆಲ್ಲ ಸುತ್ತು ಹಾಕುತ್ತಿದ್ದರು. ಅದನ್ನು ತಪ್ಪಿಸೋಕೆ ಒಂದು ಉಪಾಯ ಇದೆ, ಅದನ್ನಿಲ್ಲಿ ಹೇಳಲ್ಲ. ನಮ್ಮ ಮಕ್ಕಳೂ ಓದುತ್ತಾರೆ, ಅಲ್ವಾ?

ಡಬ್ಬದಲ್ಲಿ ತಿಂಡಿ ಇಡಬೇಡಿ. ಚಾಕೊಲೇಟ್ ಇಟ್ಟಾಗ ಇರುವೆ ಮುತ್ತಿತು, ಕಡಲೆ ಮಿಠಾಯಿ ಕೋತಿಗಳ ಪಾಲಾಯಿತು. ಈಗ ಸೀಲು ಹಾಕಿದ ಚೀಟಿ ಮಾತ್ರ, ಬಹುಮಾನ ಕಾಲೇಜಿನಲ್ಲಿ. ಒಂದು ಸುತ್ತಿಗೆ ಕಪ್ಪುಬಿಳುಪು ಝೆರಾಕ್ಸ್, ಪ್ಲಾಸ್ಟಿಕ್ ಕವರ್, ಪೆನ್ನು ಬಹುಮಾನ ಎಲ್ಲ ಸೇರಿ ಮುನ್ನೂರು ದಾಟಲ್ಲ. ಊರಿನವರಿಗೂ ಮುಂಚೆ ಹೇಳಿಡಿ. ಮೇಷ್ಟ್ರು ನಿಧಿ ಹುಡುಕಿಸ್ತಿದಾರಂತೆ ಅಂತ ಸುದ್ದಿಯಾಗಿ, ಹಿರಿಯರೊಬ್ಬರು ಬಂದು "ನಮ್ಮ ಗುಡಿ ಹತ್ರ ಏನೂ ಅಗೀಬೇಡ್ರಪ್ಪ" ಅಂದರು. ಡಬ್ಬ ತೆರೆದು ತೋರಿಸಿದ ಮೇಲೇ ನಂಬಿದ್ದು.

ಇದರ ನಡುವೆ ದೂರ ಅಳೆಯುವ ಹೆಜ್ಜೆ ಲೆಕ್ಕವನ್ನೂ ಪರೀಕ್ಷೆ ಮಾಡಿದೆ. ಬಲಗಾಲು ನೆಲಕ್ಕೆ ಬಿದ್ದಾಗ ಮಾತ್ರ ಎಣಿಸಿದರೆ ನಮ್ಮ ಹುಡುಗರಿಗೆ ನೂರು ಮೀಟರಿಗೆ ಎಪ್ಪತ್ತರ ಆಸುಪಾಸು ಬಂತು. ಏರಿ ಹತ್ತುವಾಗ ಜಾಸ್ತಿ.

ಫೋನನ್ನು ಆಟದಲ್ಲಿ ಬಿಡಲ್ಲ. ಆಟ ಮುಗಿದ ಮೇಲೆ ತಾಳೆ ನೋಡೋಕೆ ಕೊಡುತ್ತೇನೆ, ಆಗ ನಿಜವಾದ ಶೀಟು ಬಿಚ್ಚುತ್ತೇವೆ. ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿ) ತೋರಿಸುವ ಆ್ಯಪ್ ಹಾಕಿ. ನಮ್ಮ ತುಮಕೂರು ಕಡೆ ವಲಯ 43. ಈಸ್ಟಿಂಗಿನ ಆರು ಅಂಕಿಯಲ್ಲಿ ಮೊದಲ ಒಂದು ಬಿಟ್ಟು ಮುಂದಿನ ಮೂರು, ನಾರ್ದಿಂಗಿನ ಏಳರಲ್ಲಿ ಮೊದಲ ಎರಡು ಬಿಟ್ಟು ಮುಂದಿನ ಮೂರು ತಗೊಂಡರೆ ಆರಂಕಿ ಸಿದ್ಧ. ಸರ್ವೆ ಆಫ್ ಇಂಡಿಯಾದ ಸಾರ್ವಜನಿಕರಿಗೆ ಕೊಡುವ ಈಗಿನ ಓಪನ್ ಸೀರೀಸ್ ಶೀಟಿಗೆ ಇದು ಸರಿಹೊಂದುತ್ತದೆ. ಬೀರುವಿನಲ್ಲಿ ಧೂಳು ಹಿಡಿದಿರುವ ಹಳೇ ಶೀಟಿಗೆ ಹೊಂದಲ್ಲ, ಅದರ ಮೇಲೆ ಪ್ರಯತ್ನಿಸಬೇಡಿ.