ನಿಮ್ಮ ಕತೆ ಯಾವ ವಯಸ್ಸಿನವರಿಗೆ?

ಮೊದಲು ಮುಖ್ಯ ಪಾತ್ರದ ವಯಸ್ಸು ನೋಡಿ. ಮಕ್ಕಳು ಸಾಮಾನ್ಯವಾಗಿ ತಮಗಿಂತ ಒಂದೆರಡು ವರ್ಷ ದೊಡ್ಡವರ ಕತೆ ಓದುತ್ತಾರೆ. 12ರ ಹುಡುಗಿಯ ಕತೆಗೆ 10ರ ಓದುಗರು. ಆದರೆ ಅದೊಂದೇ ಸಾಲದು. ಕಳೆದ ಬಾಲ್ಯಕ್ಕೆ ಹಂಬಲಿಸುವ ದನಿಯಿದ್ದರೆ, ನಾಯಕ ಎಂಟರವನಾದರೂ ಅದು ದೊಡ್ಡವರ ಕತೆಯೇ. ಹೆಚ್ಚಿನವರು ಎಡವುವುದು ಇಲ್ಲೇ.

ಉದ್ದಕ್ಕೆ ಪ್ರಥಮ್ ಬುಕ್ಸ್‌ನ ಮಕ್ಕಳ ಕತೆಗಳ ಜಾಲತಾಣ ಸ್ಟೋರಿವೀವರ್‌ನ ಓದಿನ ಹಂತಗಳು ಒಳ್ಳೆಯ ಅಳತೆ: ಒಂದನೇ ಹಂತಕ್ಕೆ 250 ಪದ, ಎರಡಕ್ಕೆ 600, ಮೂರಕ್ಕೆ 1500ರವರೆಗೆ. ಕನ್ನಡದಲ್ಲಿ ಪದಗಳು ಅಂಟಿಕೊಂಡು ಬೆಳೆಯುವುದರಿಂದ ಬರೀ ಎಣಿಕೆ ನಂಬಬೇಡಿ; ಒತ್ತಕ್ಷರ ತುಂಬಿದ ಸಮಾಸಗಳನ್ನು ಬಿಡಿಸಿ.

ಆಮೇಲೆ ಪರಿಚಯವಿಲ್ಲದ ನಾಲ್ಕೈದು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ‘ಹೇಗಿದೆ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ಪದಗಳಿಗೆ ತಡವರಿಸಿದರೆ ಭಾಷೆ ತಿದ್ದಿ. ಸಲೀಸಾಗಿ ಓದಿಯೂ ಪುಟ ಹಾರಿಸಿದರೆ ವಯೋಮಾನವನ್ನೇ ಬದಲಿಸಿ.