ಇಸಿಎಂ ಬದಲಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ

ಸ್ಕ್ಯಾನರ್‌ನಲ್ಲಿ ಪಿ0563 ಎಂಬ ದೋಷದ ಕೋಡ್ ಬಂದರೆ ಕಾರಿನ ವೋಲ್ಟೇಜ್ ಮಿತಿ ಮೀರಿದೆ ಎಂದು ಇಸಿಎಂ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಕಂಟ್ರೋಲ್ ಮಾಡ್ಯೂಲ್, ದೂರುತ್ತಿದೆ ಎಂದರ್ಥ. ದೂರು ಕೊಟ್ಟವನನ್ನೇ ಕಳ್ಳನೆಂದು ಹಿಡಿಯುವ ಗ್ಯಾರೇಜುಗಳಿವೆ. ನನಗೂ ಒಮ್ಮೆ ಹೊಸ ಮಾಡ್ಯೂಲಿನ ಬೆಲೆ ಹೇಳಿದ್ದರು.

ಎಂಜಿನ್ ನಿಲ್ಲಿಸಿ ಒಂದೆರಡು ಗಂಟೆ ಬಿಟ್ಟು ಬ್ಯಾಟರಿ ಅಳೆಯಿರಿ. ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟ್ ಆಸುಪಾಸು ಇರುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7. ಆಕ್ಸಿಲರೇಟರ್ ಒತ್ತಿದಂತೆ 16ರತ್ತ ಏರಿದರೆ ಮೊದಲ ಅನುಮಾನ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ರೆಗ್ಯುಲೇಟರ್ (ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ಮೇಲೆ.

ಆದರೆ ಅದನ್ನೂ ಆತುರದಲ್ಲಿ ಕೊಳ್ಳಬೇಡಿ. ಎಂಜಿನ್ ಓಡುತ್ತಿರುವಾಗಲೇ, ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರ್ ಕವಚಕ್ಕೆ, ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೆ ಇಡಿ (ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ತೋಳು ದೂರವಿರಲಿ). 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತಿಂಗ್ ತಂತಿ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ. ಕೆಲವು ಕಾರುಗಳಲ್ಲಿ ಬ್ಯಾಟರಿಯ ವೋಲ್ಟೇಜನ್ನು ರೆಗ್ಯುಲೇಟರಿಗೆ ತಿಳಿಸುವ ಸೆನ್ಸ್ ತಂತಿ ಬೇರೆಯೇ ಇರುತ್ತದೆ. ಅದು ಕಿಲುಬು ಹಿಡಿದು ಕಡಿಮೆ ಲೆಕ್ಕ ಕೊಟ್ಟರೆ ಆಲ್ಟರ್ನೇಟರ್ ಪಾಪ, ಇನ್ನಷ್ಟು ದುಡಿಯುತ್ತದೆ. ನನ್ನ ಕಾರಿನ ರೋಗ ಇದೇ; ಉಪ್ಪುಕಾಗದ ಮತ್ತು ಹತ್ತು ನಿಮಿಷ ಸಾಕಾಯಿತು.

ಬ್ಯಾಟರಿಯಲ್ಲಿ 14.2 ಇದ್ದು ಸ್ಕ್ಯಾನರ್ ಮಾತ್ರ 16 ತೋರಿಸುತ್ತಿದ್ದರೆ, ಆಗ ಮಾಡ್ಯೂಲನ್ನು ಅನುಮಾನಿಸಿ.

ಲಾರಿಯ 24 ವೋಲ್ಟ್‌ನಿಂದ ಜಂಪ್ ಸ್ಟಾರ್ಟ್ ಮಾಡಿದರೂ ಈ ಕೋಡ್ ಬರಬಹುದು. ಎಂಜಿನ್ ಓಡುವಾಗ ಬ್ಯಾಟರಿ ಕಳಚಿ ನೋಡುವ ಹಳೆಯ ಪರೀಕ್ಷೆಯನ್ನಂತೂ ಮಾಡಲೇಬೇಡಿ, ಒಳ್ಳೆಯ ಮಾಡ್ಯೂಲೂ ಸುಟ್ಟುಹೋದೀತು.