ಟರ್ಮಿನೇಟರ್ ಆರು ಪಿಕ್ಚರ್‌ಗೆ ನಂಬರ್ ಕೊಡೋದು ಹೆಂಗ
ಈ ಹಾಲಿವುಡ್ ರೋಬೋಟ್ ಪಿಕ್ಚರ್ 1984ರಿಂದ 2019ರ ತನಕ ಒಟ್ಟು ಆರು ಅದಾವ. ರಿಲೀಸ್ ಆದ ವರ್ಷದ ಪ್ರಕಾರನ ನೋಡ್ರಿ, ಕಥಿ ಕಾಲದ ಪ್ರಕಾರ ಜೋಡಿಸಾಕ ಹೋಗಬ್ಯಾಡ್ರಿ, ಯಾಕಂದ್ರ ಕಡೀದು ಡಾರ್ಕ್ ಫೇಟ್ ನಡುವಿನ ಮೂರೂ ಬಿಟ್ಟು ಸೀದಾ ಎರಡನೇದರಿಂದ ಮುಂದುವರಿತೈತಿ, ಅಲ್ಲಿ ತಲಿ ಕೆಡತೈತಿ.

ಒಮ್ಮೆಲೆ ಆರಕ್ಕೂ ನಂಬರ್ ಬ್ಯಾಡ. ಎರಡೆರಡ ಹಿಡದು, ಇವೆರಡ್ರಾಗ ಮತ್ತೊಮ್ಮೆ ಯಾವ್ದು ನೋಡ್ತೀನಿ ಅಂತ ಕೇಳ್ಕೊಳ್ರಿ, ಗೆದ್ದದ್ದು ಮ್ಯಾಲ. ಕೊಪ್ಪಳದಾಗ ನಾವ್ ಗೆಳೆಯರೆಲ್ಲ ಒಗ್ಗರಣಿ ಮಿರ್ಚಿ ತರಿಸ್ಕೊಂಡು ಕುಂತಾಗ ಒಬ್ಬೊಬ್ರು ಬ್ಯಾರೆ ಚೀಟಿ ಬರದು ಆಮ್ಯಾಲ ಬಿಚ್ಚತೀವಿ, ಇಲ್ಲಂದ್ರ ಜೋರ್ ದನಿ ಇದ್ದವ ಹೇಳಿದ್ದ ಫೈನಲ್ ಆಗತೈತಿ.

ಗ್ರಾಫಿಕ್ಸ್ ನೋಡಿ ಮಾರ್ಕ್ಸ್ ಹಾಕಬ್ಯಾಡ್ರಿ, ಬೆನ್ನು ಹತ್ತಿದ ವಿಲನ್ ಎಷ್ಟ ಹೆದರಿಸ್ತಾನ ಅದನ್ನ ನೋಡ್ರಿ. 1991ರ ಎರಡನೇ ಭಾಗದಾಗ ಆಸ್ಪತ್ರಿ ಸೀನ್ ಐತಲ್ಲ, ಟಿ-1000 ಅನ್ನೋ ಕರಗೋ ಲೋಹದ ರೋಬೋಟ್ ವಿಲನ್ ಕಬ್ಬಿಣದ ಸರಳಿನ ನಡುವ ನೀರಿನಂಗ ಹಾದು ಬರ್ತಾನ, ಕೈಯಾಗಿನ ಪಿಸ್ತೂಲ್ ಮಾತ್ರ ಸರಳಿಗೆ ಸಿಕ್ಕೊಂತೈತಿ, ತಿರುಗಿಸಿ ಎಳಕೋತಾನ. ಅಷ್ಟ ಸಣ್ಣ ವಿಷಯಾನೂ ಬಿಡದ ಯೋಚನಿ ಮಾಡ್ಯಾರ ಡೈರೆಕ್ಟರ್ ಜೇಮ್ಸ್ ಕ್ಯಾಮರಾನ್, ಅದಕ್ಕ ಅದ ಫಸ್ಟ್.

ಸೆಕೆಂಡ್ 1984ರದು, ಕಡಿಮಿ ರೊಕ್ಕದಾಗ ಮಾಡಿದ್ರೂ ರಾತ್ರಿ ಒಬ್ಬರ ನೋಡಿದ್ರ ಇವತ್ತಿಗೂ ಭಯ ಆಗತೈತಿ. ಥರ್ಡ್ ಡಾರ್ಕ್ ಫೇಟ್, ಮೊದಲಿನ ಎರಡ್ರಾಗ ಹೀರೋಯಿನ್ ಆಗಿದ್ದ ಲಿಂಡಾ ಹ್ಯಾಮಿಲ್ಟನ್ ವಾಪಸ್ ಬಂದಿದ್ದಕ್ಕ. 2003ರದು ನಡುವ ಹಗುರ ಆದ್ರೂ ಕ್ಲೈಮ್ಯಾಕ್ಸ್‌ನ ಧೈರ್ಯಕ್ಕ ನಾಲ್ಕನೇದು. ಆಮ್ಯಾಲ ಸಾಲ್ವೇಶನ್, ಕಡೀಗೆ ಜೆನಿಸಿಸ್.